ಶೋರೂಂ ಬೈಕಿನ ಅಲ್ಯೂಮಿನಿಯಂ ವೆಲ್ಡಿಂಗ್: ಚೆಂದ ಇದ್ರೆ ಗಟ್ಟಿ ಅಂತಲ್ಲ, ಒರಟಾಗಿದ್ರೆ ಕಳಪೆ ಅಂತಲೂ ಅಲ್ಲ

ತಿಪಟೂರು: 350 ಸಿಸಿವರೆಗಿನ ಬೈಕ್‌ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಮೊದಲು ಸ್ಪ್ಲೆಂಡರ್, ಶೈನ್ ಅಂತ ನೋಡ್ತಿದ್ದ ಹುಡುಗರು ಈಗ ಆರ್‌15, ಎಂಟಿ-15 ಕಡೆ ಕಣ್ಣು ಹಾಕ್ತಿದ್ದಾರೆ. ಈ ಗಾಡಿಗಳ ಜೊತೆ ನಮ್ಮ ತಾಲ್ಲೂಕಿನ ರಸ್ತೆಗೆ ಇನ್ನೊಂದು ವಸ್ತುವೂ ಬಂದಿದೆ, ಅದು ಅಲ್ಯೂಮಿನಿಯಂ. ಎಂಜಿನ್ ಕೇಸು, ಅಲಾಯ್ ಚಕ್ರ ಮೊದಲಿಂದಲೂ ಅಲ್ಯೂಮಿನಿಯಮ್ಮೇ. ಆದರೆ ಹಿಂದಿನ ಚಕ್ರ ಹಿಡಿದು ನಿಲ್ಲಿಸುವ ಸ್ವಿಂಗ್‌ಆರ್ಮ್‌ನಂಥ ಭಾರ ಹೊರುವ ಭಾಗವೂ ಅಲ್ಯೂಮಿನಿಯಂ ಆಗ್ತಿರೋದು ನಮ್ಮ ಕಡೆಗೆ ಹೊಸದು.

ಇದರ ಜೊತೆಗೇ ಒಂದು ವಾದವೂ ಶುರುವಾಗಿದೆ. ಹೊಸ ಗಾಡಿ ತಂದವರು ಸೀಟಿನ ಕೆಳಗೆ, ಚೈನ್ ಪಕ್ಕ ಬಗ್ಗಿ ನೋಡಿ "ಇದೇನ್ರೀ ವೆಲ್ಡಿಂಗ್ ಹಿಂಗಿದೆ, ನಮ್ಮ ಗೇಟಿಗೆ ಇದಕ್ಕಿಂತ ನೀಟಾಗಿ ಹೊಡೀತಾರೆ" ಅಂತ ವಾಟ್ಸಾಪ್‌ನಲ್ಲಿ ಫೋಟೋ ಹಾಕ್ತಾರೆ. ಶೋರೂಂನವರ ಉತ್ತರ ಎಲ್ಲ ಕಡೆ ಒಂದೇ: "ಕಂಪನಿ ವೆಲ್ಡಿಂಗ್ ಸಾರ್, ಹಂಗೇ ಇರುತ್ತೆ." ಇಬ್ಬರ ಮಾತಿನಲ್ಲೂ ಅರ್ಧ ನಿಜ ಇದೆ. ಉಳಿದರ್ಧ ಗೊತ್ತಿಲ್ಲದೆ ಹೋದರೆ ಗಾಡಿ ಓಡಿಸುವವನ ಮೈಮೇಲೇ ಬರುತ್ತೆ. ಹಾಗಾಗಿ ವಿಷಯವನ್ನು ಬಿಡಿಸಿ ನೋಡೋಣ.

ಮೊದಲು ಮ್ಯಾಗ್ನೆಟ್ ಹಿಡಿದು ನೋಡಿ

ಬೆಳ್ಳಿ ಬಣ್ಣ ಇದ್ದದ್ದೆಲ್ಲ ಅಲ್ಯೂಮಿನಿಯಂ ಅಲ್ಲ. ನಮ್ಮೂರಲ್ಲಿ ಓಡಾಡುವ ಬಹುಪಾಲು ಬೈಕುಗಳ ಚಾಸಿ ಉಕ್ಕಿನದ್ದೇ. ಆರ್‌15 ಚಾಸಿ ಕೂಡ ಉಕ್ಕು. ಅದರ ಸ್ವಿಂಗ್‌ಆರ್ಮ್ 2011ರ ಎರಡನೇ ಆವೃತ್ತಿಯಲ್ಲಿ ಅಲ್ಯೂಮಿನಿಯಂ ಆಯಿತು. ಎಂಟಿ-15ಗೆ ಅದು 2022ರಲ್ಲಿ ಬಂತು. ಅಪಾಚೆ ಆರ್‌ಆರ್ 310, ಕೆಟಿಎಂ 390 ಡ್ಯೂಕ್‌ನಲ್ಲೂ ಸ್ವಿಂಗ್‌ಆರ್ಮ್ ಅಲ್ಯೂಮಿನಿಯಂ.

ಹಳೇ ಸ್ಪೀಕರಿನ ಮ್ಯಾಗ್ನೆಟ್ ಒಂದು ಸಾಕು. ಅಂಟಿಕೊಂಡರೆ ಉಕ್ಕು, ಜಾರಿದರೆ ಅಲ್ಯೂಮಿನಿಯಂ. ಉಕ್ಕಾದರೆ ಈ ಲೇಖನದ ಅರ್ಧ ಲೆಕ್ಕ ನಿಮಗೆ ಬೇಡ.

ಇನ್ನೊಂದು ವ್ಯತ್ಯಾಸ ಗಮನಿಸಬೇಕು. ಹಲವು ಅಲ್ಯೂಮಿನಿಯಂ ಭಾಗಗಳು ಅಚ್ಚಿಗೆ ಸುರಿದು ಮಾಡಿದವು. ಅವುಗಳ ಮೇಲೆ ಕಾಣುವ ಉದ್ದನೆಯ ತೆಳು ಗೆರೆ ಅಚ್ಚಿನ ಎರಡು ಭಾಗ ಸೇರುವ ಜಾಗದ ಗುರುತೇ ಹೊರತು ವೆಲ್ಡಿಂಗ್ ಅಲ್ಲ, ಬಿರುಕೂ ಅಲ್ಲ. ವೆಲ್ಡಿಂಗ್ ಅಂದ್ರೆ ಎರಡು ತುಂಡು ಸೇರಿಸಿದ ಕಡೆ ಉಬ್ಬಿಕೊಂಡು ಬರುವ, ಮೀನಿನ ಪೊರೆ ಜೋಡಿಸಿದ ಹಾಗೆ ಕಾಣುವ ಸಾಲು. ಕೆಲಸದವರು ಅದನ್ನು ಬೀಡ್ ಅಂತಾರೆ.

ಅಲ್ಯೂಮಿನಿಯಂ ಯಾಕೆ ಅಷ್ಟು ಕಷ್ಟ?

ಉಕ್ಕಿಗಿಂತ ಅಲ್ಯೂಮಿನಿಯಂ ತೂಕ ಸುಮಾರು ಮೂರನೇ ಒಂದು ಭಾಗ. ಕಂಪನಿಗಳು ಇದರ ಹಿಂದೆ ಬಿದ್ದಿರೋದು ಅದಕ್ಕೇ. 1983ರಲ್ಲಿ ಸುಜುಕಿ ಕಂಪನಿ ಆರ್‌ಜಿ250 ಗಾಮಾ ಬೈಕಿಗೆ ಅಲ್ಯೂಮಿನಿಯಂ ಚಾಸಿ ಹಾಕಿತು. ದೊಡ್ಡ ಪ್ರಮಾಣದಲ್ಲಿ ತಯಾರಾಗಿ ರಸ್ತೆಗೆ ಬಂದ ಬೈಕುಗಳಲ್ಲಿ ಅದೇ ಮೊದಲು ಅಂತಾರೆ.

ಆದರೆ ಬೆಸೆಯೋಕೆ ಹೋದರೆ ಇದು ಹಠಮಾರಿ ಲೋಹ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತೆ. ಗಾಳಿ ಸೋಕಿದ ತಕ್ಷಣ ಅದರ ಮೈಮೇಲೆ ಕೂರುವ ಆಕ್ಸೈಡ್ ಪೊರೆ ಕರಗೋಕೆ 2,000 ಡಿಗ್ರಿಗೂ ಹೆಚ್ಚು ಬೇಕು. ಒಳಗೆ ನೀರಾಗಿದ್ದರೂ ಮೇಲೆ ಪೊರೆ ಹಾಗೇ ಇರಬಹುದು. ಆ ಪೊರೆ ಒಡೆಯದೆ ಮೇಲೆ ಲೋಹ ಸುರಿದರೆ ಕೆನೆ ಕಟ್ಟಿದ ಹಾಲಿನ ಮೇಲೆ ತುಪ್ಪ ಹಾಕಿದಂತೆ, ಮೇಲೇ ನಿಲ್ಲುತ್ತೆ, ಒಳಗೆ ಬೆರೆಯಲ್ಲ.

ಎರಡನೇದು ಬಿಸಿ. ಉಕ್ಕಿಗಿಂತ ಹಲವು ಪಟ್ಟು ವೇಗವಾಗಿ ಇದು ಬಿಸಿಯನ್ನು ಎಳೆದುಕೊಂಡು ಹೋಗುತ್ತೆ. ಹಾಗಾಗಿ ವೆಲ್ಡಿಂಗ್ ಶುರುವಾದ ಜಾಗ ತಣ್ಣಗಿದ್ದು ಸರಿಯಾಗಿ ಹಿಡಿಯದೇ ಇರಬಹುದು. ಮುಗಿಯುವ ಹೊತ್ತಿಗೆ ಅದೇ ತುಂಡು ಕಾದು ತೂತು ಬೀಳುವ ಹಂತಕ್ಕೂ ಬರಬಹುದು. ಉಕ್ಕಿನ ಹಾಗೆ ಕೆಂಪಗಾಗಿ ಮುನ್ಸೂಚನೆಯನ್ನೂ ಕೊಡಲ್ಲ.

ಮೂರನೇದು ತೇವ. ಕರಗಿದ ಅಲ್ಯೂಮಿನಿಯಂ ಹೈಡ್ರೋಜನ್ ಕುಡಿಯುತ್ತೆ, ಗಟ್ಟಿಯಾಗುವಾಗ ಅದನ್ನು ಉಗುಳುತ್ತೆ. ಎಣ್ಣೆ, ನೀರಿನ ಪಸೆ, ಕೊಳೆ ಇದ್ದರೆ ಆ ಅನಿಲ ಹೊರಗೆ ಬರೋಕೆ ಆಗದೆ ಒಳಗೇ ಗುಳ್ಳೆ ಕಟ್ಟುತ್ತೆ. ಇಡ್ಲಿಯೊಳಗಿನ ತೂತುಗಳ ಹಾಗೆ.

ನಾಲ್ಕನೇದು ಕುಗ್ಗುವಿಕೆ. ದ್ರವದಿಂದ ಘನಕ್ಕೆ ಬರುವಾಗ ಇದು ಸುಮಾರು ಶೇ 6ರಷ್ಟು ಕುಗ್ಗುತ್ತೆ. ವೆಲ್ಡಿಂಗ್ ನಿಲ್ಲಿಸಿದ ತುದಿಯಲ್ಲಿ ಗುಳಿ ಬಿದ್ದು ಅದರೊಳಗೆ ನಕ್ಷತ್ರದಂಥ ಸಣ್ಣ ಬಿರುಕು ಏಳೋದು ಇದರಿಂದಲೇ.

ರೋಬೋ ಕೈ, ಮನುಷ್ಯನ ಕೈ

ನಾವು ಫೋನಿನಲ್ಲಿ ನೋಡಿ ಮೆಚ್ಚುವ, ನಾಣ್ಯ ಸಾಲಾಗಿ ಮಲಗಿಸಿದಂಥ ಬೀಡ್ ಸಾಮಾನ್ಯವಾಗಿ ಕೈಯಿಂದ ಮಾಡಿದ ಟಿಗ್ ವೆಲ್ಡಿಂಗ್. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ ಆರ್ಗಾನ್ ವೆಲ್ಡಿಂಗ್ ಅಂತಲೇ ಹೆಸರು. ಸಾವಿರಗಟ್ಟಲೆ ಬೈಕು ತಯಾರಾಗುವ ಕಾರ್ಖಾನೆಯಲ್ಲಿ ಹೆಚ್ಚಿನ ಕೆಲಸ ಮಾಡೋದು ರೋಬೋ, ಅದೂ ತಂತಿ ತಾನಾಗಿ ಬರುವ ಮಿಗ್ ವಿಧಾನದಲ್ಲಿ. ವೇಗ ಜಾಸ್ತಿ, ಬೀಡ್ ದಪ್ಪ, ಪಕ್ಕದಲ್ಲಿ ಒಂದೆರಡು ಲೋಹದ ಹನಿ, ಸ್ವಲ್ಪ ಕರಿ ಮಸಿ. ನೋಡೋಕೆ ಒರಟು.

ಇಲ್ಲೇ ಜನ ತಪ್ಪು ತಿಳಿಯೋದು. ಒರಟಾಗಿದ್ದ ಮಾತ್ರಕ್ಕೆ ಅದು ಸಡಿಲ ಅಲ್ಲ. ಹಿಂದೆ ಮುಂದೆ ಒಂದೇ ಬಿಸಿ, ಒಂದೇ ವೇಗ ಇಟ್ಟು ರೋಬೋ ಹಾಕಿದ ಬೀಡ್ ಒಳಗೆ ಚೆನ್ನಾಗಿ ಇಳಿದಿದ್ದರೆ, ಮೇಲೆ ಸುಂದರವಾಗಿ ಒಳಗೆ ಟೊಳ್ಳಾಗಿರುವ ಕೈಕೆಲಸಕ್ಕಿಂತ ಸಾವಿರ ಪಾಲು ಮೇಲು. ಕರಿ ಮಸಿ ಬಹುತೇಕ ಸಲ ತಂತಿಯಲ್ಲಿರುವ ಮೆಗ್ನೀಸಿಯಂ ಸುಟ್ಟು ಬಂದದ್ದು, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತೆ. ಟಿಗ್ ಬೀಡ್ ಪಕ್ಕ ಬೆಳ್ಳಗೆ ಕಾಣುವ ಪಟ್ಟಿ ಆಕ್ಸೈಡ್ ಪೊರೆ ಸ್ವಚ್ಛವಾದ ಗುರುತು. ಅದು ದೋಷ ಅಲ್ಲ.

ಹಂಗಂತ ರೋಬೋ ತಪ್ಪೇ ಮಾಡಲ್ಲ ಅಂತಲ್ಲ. ಜೋಡಿಸುವ ಪೈಪುಗಳ ನಡುವೆ ಸಂದು ಒಂದೆರಡು ಮಿಲಿಮೀಟರ್ ಜಾಸ್ತಿಯಾದರೂ, ಹೇಳಿಕೊಟ್ಟ ದಾರಿಯಲ್ಲೇ ಹೋಗುವ ಸಾದಾ ರೋಬೋ ಅದನ್ನು ಗಮನಿಸದೆ ಮುಂದೆ ಹೋಗಬಹುದು. ಮನುಷ್ಯ ನಿಂತು ಸರಿಪಡಿಸ್ತಾನೆ. ಜೊತೆಗೆ ರೋಬೋ ತಪ್ಪಿದರೆ ಒಂದೇ ಗಾಡಿಯಲ್ಲಿ ತಪ್ಪಲ್ಲ, ಆ ಪಾಳಿಯಲ್ಲಿ ಬಂದ ಗಾಡಿಗಳಲ್ಲೆಲ್ಲ ಅದೇ ಜಾಗದಲ್ಲಿ ತಪ್ಪುವ ಸಾಧ್ಯತೆ ಇರುತ್ತೆ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತೆ.

ಬಗ್ಗಿ ನೋಡುವಾಗ ಏನು ನೋಡಬೇಕು

ಕಾರ್ಖಾನೆಯವರು ಮಾದರಿಗೆ ಒಂದು ಭಾಗವನ್ನು ಕತ್ತರಿಸಿ, ಉಜ್ಜಿ, ಆಸಿಡ್ ಹಚ್ಚಿ ಬೆಸುಗೆ ಎಷ್ಟು ಆಳ ಇಳಿದಿದೆ ಅಂತ ನೋಡ್ತಾರೆ. ಬೇಕಾದ ಕಡೆ ಎಕ್ಸ್‌ರೇ ತೆಗೀತಾರೆ. ಅಲ್ಯೂಮಿನಿಯಂ ಬೆಸುಗೆಯಲ್ಲಿ ಯಾವ ದೋಷ ಎಷ್ಟರವರೆಗೆ ನಡೆಯುತ್ತೆ ಅಂತ ಹೇಳುವ ಐಎಸ್‌ಒ 10042 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಅದರಲ್ಲಿ ಬಿ, ಸಿ, ಡಿ ಎಂಬ ಮೂರು ದರ್ಜೆ, ಬಿ ಅಂದರೆ ಅತಿ ಬಿಗಿ. ಅಂದರೆ ದೋಷ ಇಲ್ಲದ ವೆಲ್ಡಿಂಗ್ ಅಂತ ಯಾರೂ ಹೇಳಲ್ಲ, ಮಿತಿಯೊಳಗೆ ಇರಬೇಕು ಅಂತಾರೆ.

ನಮ್ಮ ಹತ್ತಿರ ಎಕ್ಸ್‌ರೇ ಇಲ್ಲ, ಕಣ್ಣಿದೆ, ಮೊಬೈಲ್ ಟಾರ್ಚಿದೆ. ಅಷ್ಟರಲ್ಲೇ ನೋಡಬಹುದಾದದ್ದು ಇವು:

1. ಅಂಚು. ಬೀಡ್ ಪಕ್ಕದ ಲೋಹಕ್ಕೆ ಮೆಲ್ಲಗೆ ಇಳಿದು ಸೇರಿರಬೇಕು. ಗೋಡೆಗೆ ಸಗಣಿ ಬೆರಣಿ ತಟ್ಟಿದ ಹಾಗೆ ಮೇಲೆ ಕೂತು ಅಂಚಿನಲ್ಲಿ ಉಗುರು ಸಿಗುವಂತಿದ್ದರೆ ಒಳಗೆ ಬೆರೆತಿಲ್ಲ ಅನ್ನೋ ಅನುಮಾನಕ್ಕೆ ಜಾಗ ಇದೆ.

2. ತೋಡು. ಬೀಡ್ ಉದ್ದಕ್ಕೂ ಪಕ್ಕದಲ್ಲಿ ಸಣ್ಣ ಕಾಲುವೆ ತೋಡಿದ ಹಾಗಿದ್ದರೆ ಅಲ್ಲಿ ಪೈಪು ತೆಳುವಾಗಿದೆ ಅಂತ ಅರ್ಥ. ಬಿರುಕು ಹುಟ್ಟೋಕೆ ಇಷ್ಟವಾದ ಜಾಗ ಅದು.

3. ತುದಿ. ಬೀಡ್ ಮುಗಿದ ಕಡೆ ಗುಳಿ ತುಂಬಿರಬೇಕು. ತಗ್ಗು ಹಾಗೇ ಉಳಿದು ಅದರೊಳಗೆ ಗೆರೆ ಕಂಡರೆ ಶೋರೂಂನವರನ್ನು ಕರೆದು ತೋರಿಸಿ.

4. ತೂತು. ಸೂಜಿ ಮೊನೆಯಷ್ಟು ಒಂದೆರಡು ತೂತು ಅಲ್ಲಲ್ಲಿ ಇದ್ದರೆ ಅದು ಮಿತಿಯೊಳಗೆ ಇರಬಹುದು. ಸಾಲಾಗಿ, ಗುಂಪಾಗಿ ಇದ್ದರೆ ಸರಿ ಇಲ್ಲ.

5. ಸಮಾನತೆ. ಎಲ್ಲಕ್ಕಿಂತ ಉಪಯೋಗದ ಪರೀಕ್ಷೆ ಇದೇ. ಎಡಗಡೆಯ ಜೋಡಣೆಯನ್ನು ಬಲಗಡೆಯದರ ಜೊತೆ ಹೋಲಿಸಿ. ಆಮೇಲೆ ಶೋರೂಂನಲ್ಲಿ ಪಕ್ಕ ನಿಂತಿರುವ ಅದೇ ಮಾಡೆಲ್‌ನ ಇನ್ನೆರಡು ಗಾಡಿಗಳಲ್ಲಿ ಅದೇ ಜಾಗ ನೋಡಿ. ರೋಬೋ ಕೆಲಸ ಎಲ್ಲ ಕಡೆ ಅಚ್ಚೊತ್ತಿದ ಹಾಗಿರಬೇಕು. ನಿಮ್ಮ ಗಾಡಿಯ ಬೀಡ್ ಮಾತ್ರ ಮಧ್ಯದಲ್ಲಿ ನಿಂತು ಮತ್ತೆ ಶುರುವಾಗಿದ್ದರೆ, ಮೇಲೆ ಇನ್ನೊಂದು ಪದರ ಎಳೆದಿದ್ದರೆ, ಅಲ್ಲಿ ರಿಪೇರಿ ಆಗಿದೆ. ರಿಪೇರಿ ಅಂದ ಕೂಡಲೇ ಕೆಟ್ಟದ್ದು ಅಂತಲ್ಲ, ಆದರೆ ಕೇಳುವ ಹಕ್ಕು ನಿಮಗಿದೆ.

ಮೇಲೆ ಹಬ್ಬಿದ ಲೋಹದ ಹನಿ, ಸಾಲಿನ ಏರುಪೇರು, ಬಣ್ಣದ ವ್ಯತ್ಯಾಸ ಹೆಚ್ಚಾಗಿ ಅಂದದ ಪ್ರಶ್ನೆ. ಮೇಲಿನ ಮೊದಲ ಮೂರು ಜೀವದ ಪ್ರಶ್ನೆ.

ಓಡಿದ ಗಾಡಿಗೆ ಬೇರೆ ಲೆಕ್ಕ

ಉಕ್ಕಿಗೂ ಅಲ್ಯೂಮಿನಿಯಮ್ಮಿಗೂ ಒಂದು ದೊಡ್ಡ ಫರಕ್ಕಿದೆ. ಒಂದು ಮಿತಿಯೊಳಗಿನ ಹೊಡೆತವನ್ನು ಉಕ್ಕು ಲಕ್ಷಾಂತರ ಸಲ ತಡೆದರೂ ದಣಿಯಲ್ಲ. ಅಲ್ಯೂಮಿನಿಯಮ್ಮಿಗೆ ಅಂಥ ಸ್ಪಷ್ಟ ಮಿತಿ ಇಲ್ಲ, ಪ್ರತಿ ಹೊಡೆತವೂ ಖಾತೆಗೆ ಜಮೆ ಆಗ್ತಾ ಹೋಗುತ್ತೆ. ಅದಕ್ಕೇ ಎಂಜಿನಿಯರುಗಳು ಪೈಪನ್ನು ದಪ್ಪ ಮಾಡಿ, ಅಗಲ ಮಾಡಿ, ಬೆಸುಗೆಯನ್ನು ಹೆಚ್ಚು ಒತ್ತಡ ಬೀಳದ ಕಡೆಗೆ ಸರಿಸಿ ವಿನ್ಯಾಸ ಮಾಡ್ತಾರೆ.

ಜೊತೆಗೆ ಬೆಸುಗೆಯ ಬಿಸಿ ಪಕ್ಕದ ಲೋಹವನ್ನು ಮೆತ್ತಗೆ ಮಾಡುತ್ತೆ. ಬಿಸಿ ಸಂಸ್ಕಾರ ಕೊಟ್ಟು ಗಟ್ಟಿ ಮಾಡಿದ 6061 ಎಂಬ ಜನಪ್ರಿಯ ಮಿಶ್ರಲೋಹ ಬೆಸುಗೆಯ ಪಕ್ಕದಲ್ಲಿ ತನ್ನ ಬಲದ ಸುಮಾರು ಶೇ 40ರಷ್ಟನ್ನು ಕಳೆದುಕೊಳ್ಳುತ್ತೆ. ಬಿರುಕು ಹಲವು ಸಲ ಬೀಡ್ ಮೇಲೆ ಕಾಣದೆ ಅದರ ಅಂಚಿನಲ್ಲಿ ಗೆರೆ ಎಳೆದ ಹಾಗೆ ಕಾಣೋದು ಇದಕ್ಕೇ.

ನಮ್ಮ ಕಡೆ ಬೈಕ್ ಅಂದರೆ ಒಬ್ಬರೇ ಕೂತು ಹೋಗುವ ಸವಾರಿ ಅಲ್ಲ. ಹಿಂದೆ ಕೊಬ್ಬರಿ ಚೀಲ, ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರ್. ಅದರ ಮೇಲೆ ಹಳ್ಳಿ ರಸ್ತೆಯ ಗುಂಡಿ, ಬಣ್ಣ ಬಳಿಯದ ಹಂಪ್ಸು. ಹಾಗಾಗಿ ಪ್ರತಿ ಸರ್ವಿಸ್‌ನಲ್ಲಿ ಚಕ್ರ ತೊಳೆದ ಮೇಲೆ ಐದು ಜಾಗ ನೋಡಿ: ಸ್ವಿಂಗ್‌ಆರ್ಮ್ ಚಾಸಿಗೆ ಸೇರುವ ಕಡೆ, ಚೈನ್ ಬಿಗಿ ಮಾಡುವ ತುದಿ, ಶಾಕ್ ಅಬ್ಸಾರ್ಬರ್ ಹಿಡಿಯುವ ಬ್ರಾಕೆಟ್, ಫುಟ್‌ರೆಸ್ಟ್ ಬ್ರಾಕೆಟ್, ಸೈಡ್ ಸ್ಟ್ಯಾಂಡ್ ಹಿಡಿಯುವ ಜಾಗ.

ಅಲ್ಯೂಮಿನಿಯಮ್ಮಿಗೆ ಕೆಂಪು ತುಕ್ಕು ಬರಲ್ಲ. ಬಿರುಕಿನೊಳಗೆ ಧೂಳು ಎಣ್ಣೆ ಸೇರಿ ಕೂದಲೆಳೆಯಷ್ಟು ಕರಿ ಗೆರೆ ಕಾಣುತ್ತೆ. ಒರೆಸಿದ ಮೇಲೂ ಎರಡು ದಿನದಲ್ಲಿ ಅದೇ ಜಾಗದಲ್ಲಿ ಗೆರೆ ಬಂದರೆ ಅನುಮಾನ ಗಟ್ಟಿ. ಅಲ್ಲಿ ಬಣ್ಣ ತೆಗೆದು ಕೆಂಪು ದ್ರವ ಹಚ್ಚಿ, ಹತ್ತಿಪ್ಪತ್ತು ನಿಮಿಷ ಬಿಟ್ಟು ಒರೆಸಿ, ಬಿಳಿ ಪುಡಿ ಸ್ಪ್ರೇ ಮಾಡಿದರೆ ಬಿರುಕಿದ್ದ ಕಡೆ ಕೆಂಪು ಗೆರೆ ಎದ್ದು ಬರುತ್ತೆ. ಕಾರ್ಖಾನೆಗಳು ದಿನಾ ಮಾಡುವ ಪರೀಕ್ಷೆ ಇದು, ಮೂರು ಸ್ಪ್ರೇ ಡಬ್ಬಿಯಲ್ಲಿ ಮುಗಿಯುತ್ತೆ. ಆದರೆ ಮೇಲ್ಮೈಗೆ ತೆರೆದುಕೊಂಡ ಬಿರುಕನ್ನು ಮಾತ್ರ ಇದು ತೋರಿಸುತ್ತೆ, ಒಳಗಿನ ಗುಳ್ಳೆಯನ್ನಲ್ಲ.

ಆರ್ಗಾನ್ ಅಂಗಡಿಗೆ ಓಡುವ ಮುನ್ನ

ಈಗ ಅಸಲಿ ವಿಷಯಕ್ಕೆ ಬರೋಣ. ಬಿರುಕು ಕಂಡ ಕೂಡಲೇ ನಮ್ಮಲ್ಲಿ ಬಹುತೇಕರು ಮಾಡೋದು ಒಂದೇ ಕೆಲಸ. ಹತ್ತಿರದ ಆರ್ಗಾನ್ ವೆಲ್ಡಿಂಗ್ ಅಂಗಡಿಗೆ ಹೋಗಿ ನಾಲ್ಕು ಕಾಸಿನಲ್ಲಿ ಮುಗಿಸೋದು. ಶೋರೂಂಗೆ ಹೋದರೆ ವಾರ ಗಾಡಿ ನಿಲ್ಲುತ್ತೆ, ವ್ಯಾಪಾರ ನಿಲ್ಲುತ್ತೆ. ಅಂಗಡಿ ಇಟ್ಟವರ ಕಷ್ಟ ಅರ್ಥವಾಗುವಂಥದ್ದೇ.

ಆದರೆ ಇದರಲ್ಲಿ ಎರಡು ನಷ್ಟ ಇದೆ.

ಮೊದಲನೇದು ಬಲದ ನಷ್ಟ. ಕಾರ್ಖಾನೆ ಯಾವ ಮಿಶ್ರಲೋಹ ಬಳಸಿದೆ, ಬೆಸುಗೆ ಆದ ಮೇಲೆ ಬಿಸಿ ಸಂಸ್ಕಾರ ಕೊಟ್ಟಿದೆಯೋ ಇಲ್ಲವೋ ಅನ್ನೋದು ಅಂಗಡಿಯ ಮೇಸ್ತ್ರಿಗೆ ತಿಳಿಯೋ ದಾರಿ ಇಲ್ಲ. ಅವರ ಕೈಚಳಕದ ಬಗ್ಗೆ ನನಗೆ ಗೌರವ ಇದೆ, ಪ್ರಶ್ನೆ ಕೈಚಳಕದ್ದಲ್ಲ. ಮತ್ತೆ ಕಾಯಿಸಿದ ಜಾಗ ಮತ್ತೆ ಮೆತ್ತಗಾಗುತ್ತೆ. ಗುಂಡಿಗೆ ಬಿದ್ದು ಒಡೆದ ಅಲಾಯ್ ಚಕ್ರವನ್ನು ಕಾಯಿಸಿ, ಬಡಿದು, ಬೆಸೆದು ಕೊಡೋದು ಇನ್ನೂ ಅಪಾಯ. ಎಂಜಿನ್ ಕವರ್ ಬೆಸೆದರೆ ಎಣ್ಣೆ ಸೋರಬಹುದು ಅಷ್ಟೇ. ಚಕ್ರ, ಸ್ವಿಂಗ್‌ಆರ್ಮ್, ಹ್ಯಾಂಡಲ್ ಬೆಸೆದು ಮತ್ತೆ ಮುರಿದರೆ ಮನುಷ್ಯ ಬೀಳ್ತಾನೆ. ಇವನ್ನು ಬದಲಿಸೋದೇ ದಾರಿ. ಬಿಡಿಭಾಗಗಳ ಮೇಲಿನ ಜಿಎಸ್‌ಟಿಯೂ ಈಗ ಶೇ 18.

ಎರಡನೇದು ಸಾಕ್ಷಿಯ ನಷ್ಟ. ಇದು ನಿಮ್ಮೊಬ್ಬರದ್ದಲ್ಲ, ಎಲ್ಲರದ್ದು. ದೋಷ ಇರುವ ವಾಹನವನ್ನು ಕಂಪನಿ ವಾಪಸ್ ಕರೆಸಿ ಸರಿಪಡಿಸಬೇಕು ಅಂತ ಕೇಂದ್ರ ಸರ್ಕಾರ ಆದೇಶಿಸುವ ಅಧಿಕಾರ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 110ಎ ಸೆಕ್ಷನ್‌ನಲ್ಲಿದೆ. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಏಳು ವರ್ಷದೊಳಗಿನ ವಾಹನಗಳಿಗೆ ಅನ್ವಯ, ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಆದರೆ ಈ ಚಕ್ರ ತಿರುಗೋಕೆ ಬೇಕಾದದ್ದು ಮಾಲೀಕರ ದೂರು. ಆ ಮಾಡೆಲ್ ವರ್ಷಕ್ಕೆ ಎಷ್ಟು ಮಾರಾಟವಾಗುತ್ತೆ ಅನ್ನೋದರ ಮೇಲೆ ಎಷ್ಟು ದೂರು ಬಂದರೆ ಕ್ರಮ ಅಂತ ಲೆಕ್ಕ ಇದೆ.

ಈಗ ಮೇಲೆ ಹೇಳಿದ ರೋಬೋ ಮಾತನ್ನು ಇಲ್ಲಿಗೆ ಸೇರಿಸಿ. ತಪ್ಪಾದರೆ ಅದು ನೂರಾರು ಗಾಡಿಗಳಲ್ಲಿ ಒಂದೇ ಜಾಗದಲ್ಲಿ ಆಗುತ್ತೆ. ತಿಪಟೂರಲ್ಲಿ ಒಬ್ಬ, ಅರಸೀಕೆರೆಯಲ್ಲಿ ಒಬ್ಬ, ಚಿಕ್ಕನಾಯಕನಹಳ್ಳಿಯಲ್ಲಿ ಒಬ್ಬ, ಮೂವರೂ ಆರ್ಗಾನ್ ಹೊಡೆಸಿ ಸುಮ್ಮನಾದರೆ ಲೆಕ್ಕದಲ್ಲಿ ದೂರು ಸೊನ್ನೆ. ಬೆಂಗಳೂರಿನವನು ದೂರು ಕೊಟ್ಟರೆ "ನಿಮ್ಮದೊಂದೇ ಕೇಸು ಸಾರ್" ಅನ್ನೋಕೆ ದಾರಿ ಸುಲಭ. ನಮ್ಮ ರಸ್ತೆ, ನಮ್ಮ ಹೊರೆಯಲ್ಲಿ ದೋಷ ಮೊದಲು ಬಯಲಾಗೋದು ನಮ್ಮಲ್ಲೇ. ದಾಖಲಾಗದೆ ಹೋಗೋದೂ ನಮ್ಮಲ್ಲೇ.

ದೂರು ಎದ್ದರೆ ಏನಾಗುತ್ತೆ ಅನ್ನೋಕೆ ಉದಾಹರಣೆ ಇವೆ. ಅಮೆರಿಕದಲ್ಲಿ 2005, 2006ರ ಸುಜುಕಿ ಜಿಎಸ್‌ಎಕ್ಸ್-ಆರ್1000 ಬೈಕುಗಳ ಅಲ್ಯೂಮಿನಿಯಂ ಚಾಸಿ ಬಿರುಕು ಬಿಡಬಹುದು ಅಂತ ವಾಪಸ್ ಕರೆಸಿ ಆಸರೆ ಪಟ್ಟಿ ಹಾಕಿಕೊಟ್ಟರು. ಮುಂದಿನ ಚಕ್ರ ಎತ್ತಿ ಜೋರಾಗಿ ಇಳಿಸುವಂಥ ಅತಿ ಬಳಕೆಯಲ್ಲಿ ಈ ತೊಂದರೆ ಅನ್ನೋದು ಅವರ ವಾದವಾಗಿತ್ತು. ಆದರೂ ಸರಿಪಡಿಸಿದರು. ನಮ್ಮ ದೇಶದಲ್ಲೇ, ವೆಲ್ಡಿಂಗ್ ವಿಷಯ ಅಲ್ಲದಿದ್ದರೂ, ಓಲಾ ಸ್ಕೂಟರಿನ ಮುಂದಿನ ಫೋರ್ಕ್ ಮುರಿದ ಫೋಟೋಗಳು ಹರಿದಾಡಿದ ಮೇಲೆ 2023ರ ಮಾರ್ಚ್‌ನಲ್ಲಿ ಕಂಪನಿ ಬೇಕೆಂದವರಿಗೆ ಹೊಸ ವಿನ್ಯಾಸದ ಫೋರ್ಕ್ ಉಚಿತವಾಗಿ ಹಾಕಿಕೊಡೋದಾಗಿ ಹೇಳಿತು.

ಏನು ಮಾಡಬೇಕು

ಬಿರುಕು ಅಂತ ಅನುಮಾನ ಬಂದರೆ ಮೊದಲು ಗಾಡಿ ನಿಲ್ಲಿಸಿ. ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಹತ್ತಿರದಿಂದ ಫೋಟೋ ತೆಗೀರಿ, ಎಷ್ಟು ಕಿಲೋಮೀಟರ್ ಓಡಿದೆ ಅನ್ನೋ ಮೀಟರ್ ಫೋಟೋ, ಚಾಸಿ ನಂಬರ್ ಫೋಟೋ ಸೇರಿಸಿ. ಶೋರೂಂನಲ್ಲಿ ಬಾಯಿಮಾತಿಗೆ ಬಿಡಬೇಡಿ, ಜಾಬ್ ಕಾರ್ಡ್‌ನಲ್ಲಿ ದೂರು ಬರೆಸಿ, ಉತ್ತರವನ್ನೂ ಬರಹದಲ್ಲೇ ಕೇಳಿ. "ಹಂಗೇ ಇರುತ್ತೆ" ಅಂದವರು ಅದನ್ನೇ ಬರೆದು ಸಹಿ ಹಾಕಿಕೊಡಲಿ. ವಾರಂಟಿ ಇದ್ದರೆ ಹೊರಗೆ ವೆಲ್ಡಿಂಗ್ ಮಾಡಿಸಲೇಬೇಡಿ, ಹೊರಗಿನ ರಿಪೇರಿ ತೋರಿಸಿ ಕೈ ತೊಳೆದುಕೊಳ್ಳೋಕೆ ಅವರಿಗೆ ಅದೇ ಸಾಕು.

ಸಾರಿಗೆ ಸಚಿವಾಲಯದ ವಾಹನ್ ವ್ಯವಸ್ಥೆಯಲ್ಲಿ ವಾಹನ ದೋಷದ ದೂರು ದಾಖಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ತುಮಕೂರಿನಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕ ಇಲ್ಲ, ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ಕಂಪನಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡೋಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ. ಕಣ್ಣಿಗೆ ಕಾಣದ ದೋಷ ಇದ್ದರೆ ಆ ಭಾಗವನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸುವ ಅಧಿಕಾರವೂ ಆಯೋಗಕ್ಕಿದೆ. ಹಾಗಾಗಿ ಮುರಿದ ತುಂಡನ್ನು ಗುಜರಿಗೆ ಹಾಕಬೇಡಿ, ಎತ್ತಿಡಿ.

ಶೋರೂಂನವರಿಗೂ ಒಂದು ಮಾತು. ಗ್ರಾಹಕ ಬಗ್ಗಿ ವೆಲ್ಡಿಂಗ್ ನೋಡಿದರೆ ಅವನನ್ನು ಕಿರಿಕಿರಿ ಅಂದುಕೊಳ್ಳಬೇಡಿ. ಪಕ್ಕದ ಗಾಡಿಯನ್ನೂ ತೋರಿಸಿ, ಯಾವುದು ಅಂದದ ಕೊರತೆ, ಯಾವುದು ಗಟ್ಟಿತನದ ಕೊರತೆ ಅಂತ ಎರಡು ನಿಮಿಷ ಬಿಡಿಸಿ ಹೇಳಿ. ಗ್ಯಾರೇಜಿನವರು ಒಂದು ಪುಸ್ತಕ ಇಟ್ಟು ಯಾವ ಮಾಡೆಲ್‌ನಲ್ಲಿ ಎಲ್ಲಿ ಬಿರುಕು ಬಂತು, ಎಷ್ಟು ಕಿಲೋಮೀಟರಿಗೆ ಬಂತು ಅಂತ ಬರೆದಿಟ್ಟರೆ ಇಡೀ ತಾಲ್ಲೂಕಿಗೆ ಉಪಕಾರ. ಒಂದೇ ಮಾಡೆಲ್, ಒಂದೇ ಜಾಗ, ಮೂರು ಗಾಡಿ ಅಂತ ಪುಸ್ತಕ ಹೇಳಿದ ದಿನ "ನಿಮ್ಮದೊಂದೇ ಕೇಸು" ಅನ್ನೋ ಮಾತು ನಡೆಯಲ್ಲ.